ಬೆಟ್ಟದ ಬಾಗಿಲು ನಾಲ್ಕು ತಿಂಗಳು ಮಾತ್ರ

(ಬೆಂಗಳೂರಿನ ಗಂಗಾನಗರದಲ್ಲಿ ಚಾರಣಾಸಕ್ತರ ಸಭೆಯೊಂದರಲ್ಲಿ ನಮ್ಮ ಬಳಗದ ಪರವಾಗಿ ಆಡಿದ ಮಾತುಗಳ ಬರಹರೂಪ)



ಮಲೆನಾಡಿನ ಒಬ್ಬ ಕಾರ್ಯಕರ್ತನನ್ನು ಗಂಗಾನಗರದವರೆಗೆ ಕರೆಸಿಕೊಂಡು, "ನಮ್ಮ ಬೆಟ್ಟಗಳನ್ನು ಏಕೆ ಮುಚ್ಚಿದ್ದೀರಿ, ಹೇಳಿ" ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದೀರಿ. ಈ ನೇರವಂತಿಕೆ ನನಗೆ ಹಿಡಿಸಿತು. ಮುಚ್ಚಿದವರು ನಾವಲ್ಲ, ಅರಣ್ಯ ಇಲಾಖೆ. ಆದರೆ ಮುಚ್ಚಿದ್ದು ಸರಿ ಎಂದು ವಾದಿಸುವವರಲ್ಲಿ ನಾವೂ ಇದ್ದೇವೆ; ಆದ್ದರಿಂದ ಉತ್ತರ ಕೊಡುವ ಹೊಣೆಯಿಂದ ತಪ್ಪಿಸಿಕೊಳ್ಳಲಾರೆ. ಮುಚ್ಚಿದ ರೀತಿಯಲ್ಲಿ ನಮಗೂ ತಕರಾರುಗಳಿವೆ. ಅವನ್ನೂ ಮರೆಮಾಚದೆ ಹೇಳುತ್ತೇನೆ.

ಶುಕ್ರವಾರ ರಾತ್ರಿ ಹೆಬ್ಬಾಳದ ಮೇಲುಸೇತುವೆಯ ಕೆಳಗೆ, ಯಶವಂತಪುರದಲ್ಲಿ, ಗೊರಗುಂಟೆಪಾಳ್ಯದಲ್ಲಿ ಬೆನ್ನುಚೀಲ ಹೊತ್ತ ತರುಣ ತರುಣಿಯರು ಮಿನಿಬಸ್ಸುಗಳಿಗಾಗಿ ಕಾಯುತ್ತಿರುವುದನ್ನು ಈ ಭಾಗದವರೆಲ್ಲ ಕಂಡಿದ್ದೀರಿ. ವಾರವಿಡೀ ಗಣಕಯಂತ್ರದ ಮುಂದೆ ಕುಳಿತವರಿಗೆ ಎರಡು ದಿನ ಬೆಟ್ಟ ಹತ್ತಬೇಕೆನಿಸುವುದು ಸಹಜ. ಅದನ್ನು ಹಗುರವಾಗಿ ಕಾಣುವ ಮಲೆನಾಡಿಗರೂ ಇದ್ದಾರೆ. ನಾನು ಆ ಸಾಲಿಗೆ ಸೇರಿದವನಲ್ಲ. ಬೆಟ್ಟವನ್ನು ಕಾಲಿನಿಂದ ಬಲ್ಲವರು ಅದರ ಪರವಾಗಿ ದನಿಯೆತ್ತುತ್ತಾರೆ ಎಂಬ ನಂಬಿಕೆ ನಮ್ಮದು. ಕುದುರೆಮುಖದ ಗಣಿಗಾರಿಕೆಯ ವಿಷಯದಲ್ಲಿ ಹಾಗೆಯೇ ಆಯಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದ್ದು ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸಲ್ಲಿಕೆಯಾದ ಅರ್ಜಿಯ ಮೇಲೆ. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಕಾಡಿನಲ್ಲಿ ಸವೆದ ಕಾಲು ಚಿಣ್ಣಪ್ಪನವರದು. ಅಂಥವರ ಬೆನ್ನಿಗೆ ನಿಂತವರಲ್ಲಿ ನಗರದವರೂ ಇದ್ದರು.

ಈಗ ವಿಷಯಕ್ಕೆ ಬರುತ್ತೇನೆ.

2024ರ ಜನವರಿ ಕೊನೆಯ ವಾರ, ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಹೊಂದಿಕೊಂಡು ಬಂದಿತ್ತು. ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡಿನವರೆಲ್ಲ ತಮ್ಮ ಫೋನುಗಳಲ್ಲಿ ಕಂಡರು. ಜಾತ್ರೆಯ ತೇರಿನ ಹಿಂದೆಯೂ ಅಷ್ಟು ಒತ್ತಾಗಿ ಜನ ನಡೆಯುವುದಿಲ್ಲ. 1712 ಮೀಟರ್ ಎತ್ತರದ ಆ ಶಿಖರ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. 102 ಚದರ ಕಿಲೋಮೀಟರಿನ ಪುಟ್ಟ ಧಾಮವದು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿ ಸೇರಿತ್ತು. ಜನಸಾಗರವನ್ನು ಕಂಡ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಕಡೆಗಳಲ್ಲೆಲ್ಲ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸುವಂತೆ ಆದೇಶಿಸಿದರು. 2024ರ ಅಕ್ಟೋಬರ್ ಆರಂಭದಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಇದಲ್ಲದೆ ಫೆಬ್ರವರಿಯಿಂದ ಬೇಸಿಗೆ ಮುಗಿಯುವ ತನಕ ಕಾಡ್ಗಿಚ್ಚಿನ ಕಾರಣಕ್ಕೆ ಕುದುರೆಮುಖ ವಲಯದ ಶಿಖರಗಳನ್ನು ಮುಚ್ಚುವ ಕ್ರಮ ರೂಢಿಯಾಗಿದೆ. ಕುಮಾರಪರ್ವತದಲ್ಲಿ ಮಳೆಗಾಲದಲ್ಲೂ ದಾರಿ ಬಂದ್. ಹೀಗೆ ಲೆಕ್ಕ ಹಾಕಿದರೆ ಅಲ್ಲಿ ಉಳಿಯುವುದು ಹೆಚ್ಚುಕಡಿಮೆ ಅಕ್ಟೋಬರಿನಿಂದ ಜನವರಿಯವರೆಗಿನ ನಾಲ್ಕು ತಿಂಗಳು.

ಇದರಿಂದ ನಿಮಗೆ ಸಿಟ್ಟು ಬಂದಿದೆ. ಸಿಟ್ಟು ನಿಮಗೊಬ್ಬರಿಗೇ ಬಂದದ್ದೂ ಅಲ್ಲ. 2023ರ ಜುಲೈನಲ್ಲಿ ದೂಧ್‌ಸಾಗರ ಜಲಪಾತಕ್ಕೆ ಚಾರಣವನ್ನು ಗೋವಾದವರು ನಿಷೇಧಿಸಿದ್ದರು. ಆದರೂ ಕರ್ನಾಟಕದ ಕಡೆಯಿಂದ ನೂರಾರು ಜನ ರೈಲೇರಿ ಹೋಗಿ, ತಡೆದಾಗ ಅಲ್ಲೇ ಪ್ರತಿಭಟಿಸಿದರು. ಹಳಿಗಳ ಮೇಲೆ ನಡೆದವರಿಗೆ ರೈಲ್ವೆ ರಕ್ಷಣಾ ಪಡೆಯವರು ಬಸ್ಕಿ ಹೊಡೆಸಿದರು. ಯಶವಂತಪುರದಿಂದ ವಾಸ್ಕೋಗೆ ಹೋಗುವ ರೈಲಿನಲ್ಲಿ ಇಲ್ಲಿನ ಎಷ್ಟೋ ಮಂದಿ ಆ ದಾರಿಯನ್ನು ಕಂಡವರೇ. ಬೆಳೆದ ಮಕ್ಕಳಿಗೆ ಬಸ್ಕಿ ಹೊಡೆಸುವುದು ನನಗೆ ಒಪ್ಪಿಗೆಯಾಗದ ಮಾತು. ಆದರೆ ಮಳೆಗಾಲದ ಜಲಪಾತದ ಬುಡದಲ್ಲಿ ನಿಂತು "ಇದು ನಮ್ಮ ಹಕ್ಕು" ಎಂದು ಕೂಗುವುದನ್ನೂ ನಾನು ಒಪ್ಪಲಾರೆ.

ಇಂಥ ಸಿಟ್ಟು ಹಿಮದ ನಾಡುಗಳಲ್ಲೂ ಇದೆ. ಅದರ ಕಥೆ ಸ್ವಲ್ಪ ಹೇಳಬೇಕು. ಕಾರಣ, ನಮ್ಮ ಕೊಡಗಿನ ತೆಕ್ಕಡ ಭವಾನಿಯವರು ಹಿಮಜಾರು ಆಟದಲ್ಲಿ, ಅಂದರೆ ಸ್ಕೀಯಿಂಗ್‌ನಲ್ಲಿ, ಹೆಸರು ಮಾಡಿದ ಮೇಲೆ ಆ ಆಟ ನಮಗೆ ಪೂರ್ತಿ ಪರಕೀಯವಾಗಿ ಉಳಿದಿಲ್ಲ. ಹಿಮವನ್ನೇ ಕಾಣದ ನಾಡಿನಿಂದ ಹೋಗಿ 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಅವರು ಕರ್ನಾಟಕಕ್ಕೆ ಚಿನ್ನ ಗೆದ್ದರು. ಅದಕ್ಕೆ ಕೆಲವೇ ವಾರಗಳ ಹಿಂದೆ, ಜನವರಿಯಲ್ಲಿ, ಅದೇ ಗುಲ್ಮಾರ್ಗ್‌ನಲ್ಲಿ ಹಿಮವಿರಲಿಲ್ಲ. ಕಂದು ಬಣ್ಣದ ಬರಿ ಇಳಿಜಾರನ್ನು ನೋಡಿ ಪ್ರವಾಸಿಗರು ಹಿಂದಿರುಗಿದರು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆಂದು ಕೂಟವನ್ನೇ ಮುಂದೂಡಿ ಮಾರ್ಚ್‌ನಲ್ಲಿ ನಡೆಸಬೇಕಾಯಿತು. ಉತ್ತರಾಖಂಡದ ಔಲಿಯಲ್ಲಿ 2023ರ ರಾಷ್ಟ್ರೀಯ ಸ್ಪರ್ಧೆಯೇ ಕೈಬಿಟ್ಟುಹೋಯಿತು. ಆ ಔಲಿಯ ಕೆಳಗಿರುವ ಜೋಶಿಮಠದಲ್ಲಿ ಅದೇ ವರ್ಷದ ಜನವರಿಯಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟಿದ್ದವು. ಫ್ರಾನ್ಸಿನ ಲಾ ಸಾಂಬುಯಿ ಎಂಬ ಪುಟ್ಟ ತಾಣದಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ನಡೆಯುತ್ತಿದ್ದ ಋತು ನಾಲ್ಕು ವಾರಕ್ಕೆ ಇಳಿದು, 2023ರಲ್ಲಿ ಅದನ್ನು ಮುಚ್ಚಿದರು. ಟಿಕೆಟಿಗೆ ಹಣ ಕಟ್ಟಿದವರು ಮೊದಲು ಬೈಯುವುದು ತಾಣದ ಆಡಳಿತವನ್ನು. ಆಡಳಿತದವರು ಕೆಲವು ಕಡೆ ಯಂತ್ರದಿಂದ ಹಿಮ ತಯಾರಿಸಿ ಸುರಿಯುತ್ತಾರೆ. ಅದಕ್ಕೆ ಬೇಕಾದ ನೀರು, ವಿದ್ಯುತ್ತು ಅದೇ ಬೆಟ್ಟದ ಕಣಿವೆಗಳಿಂದಲೇ ಬರಬೇಕು.

ನಮ್ಮಲ್ಲಿ ಹಿಮವಿಲ್ಲ. ಹುಲ್ಲಿದೆ. ಅಲ್ಲಿ ಋತುವನ್ನು ಹಿಮ ಗೊತ್ತುಮಾಡುವಂತೆ ಇಲ್ಲಿ ಹುಲ್ಲಿನ ಹಸಿ ಗೊತ್ತುಮಾಡುತ್ತದೆ. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ನಮ್ಮ ನಿಮ್ಮ ನಡುವಿನ ಜಗಳ ಅರ್ಧ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೇನೆ. ಆದ್ದರಿಂದ ಹುಲ್ಲಿನ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ಕುದುರೆಮುಖ, ಕುಮಾರಪರ್ವತ, ಚಂದ್ರದ್ರೋಣ ಸಾಲು – ಈ ಎತ್ತರಗಳಲ್ಲಿ ನೀವು ಕಾಣುವುದು ಎರಡು ಬಗೆಯ ಸಸ್ಯಲೋಕ. ಕಣಿವೆಗಳ ಸಂದಿನಲ್ಲಿ ಗಿಡ್ಡ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಬೆನ್ನಿನ ಮೇಲೆಲ್ಲ ಹುಲ್ಲು. ನಗರದಿಂದ ಬಂದವರಲ್ಲಿ ಅನೇಕರು, ಕೆಲವೊಮ್ಮೆ ಇಲಾಖೆಯವರೂ, ಆ ಹುಲ್ಲನ್ನು ಖಾಲಿ ಜಾಗವೆಂದೇ ಭಾವಿಸಿದ್ದುಂಟು. ಮರ ನೆಡಲು ಹೊರಟದ್ದೂ ಉಂಟು. ಆದರೆ ಮುಂಗಾರಿನ ಮಳೆ ಮೊದಲು ಬೀಳುವುದು ಆ ಹುಲ್ಲಿನ ಮೇಲೆ. ಹುಲ್ಲಿನ ಬೇರುಗಳು ಬಂಡೆಯ ಮೇಲಿನ ತೆಳುವಾದ ಮಣ್ಣನ್ನು ಬಿಗಿಹಿಡಿದು, ನೀರನ್ನು ನಿಧಾನವಾಗಿ ಒಳಕ್ಕೆ ಬಿಡುತ್ತವೆ. ಆ ನೀರು ಶೋಲಾದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಮಳೆ ನಿಂತು ತಿಂಗಳುಗಳ ಮೇಲೂ ಹಳ್ಳದಲ್ಲಿ ನೀರು ಹರಿಯುವುದು ಈ ನಿಧಾನದಿಂದ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಇಂಥದೇ ಹುಲ್ಲು-ಶೋಲಾಗಳ ನಡುವೆ. ಪುಷ್ಪಗಿರಿಯ ಒಂದು ಮಗ್ಗುಲಿನಿಂದ ಕುಮಾರಧಾರಾ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನ ನೀರು ಹಾರಂಗಿಯಾಗಿ ಕುಶಾಲನಗರದ ಕಡೆಗೆ ಹರಿದು ಕಾವೇರಿಯನ್ನು ಕೂಡುತ್ತದೆ.

ಹಾರಂಗಿಯ ಹೆಸರನ್ನು ಇಲ್ಲಿ ಬೇಕೆಂದೇ ಎತ್ತಿದ್ದೇನೆ. ಗಂಗಾನಗರದ, ಆರ್.ಟಿ. ನಗರದ ನಲ್ಲಿಗಳಲ್ಲಿ ಬರುವ ಕಾವೇರಿಯಲ್ಲಿ ಒಂದು ಪಾಲು ಆ ಬೆಟ್ಟದ್ದು. ಕುಮಾರಪರ್ವತದಲ್ಲಿ ಜನ ಸಾಲುಗಟ್ಟಿದ ಜನವರಿಗೆ ಹಿಂದಿನ ಮುಂಗಾರು ಕೈಕೊಟ್ಟಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ್ದರು. ಮುಂದೆ ಎರಡು ತಿಂಗಳಲ್ಲಿ, ಮಾರ್ಚ್‌ನಲ್ಲಿ, ಬೆಂಗಳೂರಿನ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತವರೂ, ಚಾರಣ ಬಂದಾಯಿತೆಂದು ಇಲಾಖೆಗೆ ಪತ್ರ ಬರೆದವರೂ ಎಷ್ಟೋ ಮನೆಗಳಲ್ಲಿ ಒಬ್ಬರೇ ಆಗಿದ್ದಿರಬೇಕು. ಎರಡಕ್ಕೂ ಕಾರಣವಾದ ಬರ ಒಂದೇ ಎಂಬುದನ್ನು ಆ ದಿನಗಳಲ್ಲಿ ಜೋಡಿಸಿ ಹೇಳಿದವರು ಕಡಿಮೆ.

ಡಿಸೆಂಬರ್ ಕಳೆಯುತ್ತಿದ್ದಂತೆ ಇಬ್ಬನಿ, ಗಾಳಿ, ಬಿಸಿಲುಗಳ ನಡುವೆ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಛಾಯಾಚಿತ್ರಗಳಲ್ಲಿ ಬಲು ಸೊಗಸು. ಬೆಂಕಿಯ ದೃಷ್ಟಿಯಿಂದ ನೋಡಿದರೆ ಅದು ಒಟ್ಟಿದ ಹುಲ್ಲುಬಣವೆ. ಇಳಿಜಾರಿನ ಬೆಂಕಿಯ ಸ್ವಭಾವವನ್ನು ತಿಳಿದವರು ಹೇಳುತ್ತಾರೆ: ಬೆಂಕಿ ಮೇಲ್ಮುಖವಾಗಿ ಓಡುವಾಗ ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತ ಹೋಗುತ್ತದೆ, ಆದ್ದರಿಂದ ಬಯಲಿಗಿಂತ ಏರಿನಲ್ಲಿ ಅದರ ವೇಗ ಹೆಚ್ಚು. ಮನುಷ್ಯನಿಗಾದರೋ ಏರಿನಲ್ಲಿ ವೇಗ ಕಡಿಮೆ. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಆದದ್ದು ಇದೇ. ನಗರಗಳಿಂದ ಬಂದಿದ್ದ ಚಾರಣಿಗರ ತಂಡಗಳು ಇಳಿಯುತ್ತಿದ್ದಾಗ ಒಣಹುಲ್ಲಿನ ಬೆಂಕಿಯ ನಡುವೆ ಸಿಕ್ಕಿಕೊಂಡವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ನಿಮ್ಮಂಥವರೇ – ಕೆಲಸದಲ್ಲಿದ್ದವರು, ಎಳೆಯ ವಯಸ್ಸಿನವರು, ವಾರಾಂತ್ಯಕ್ಕೆ ಬಂದವರು. ಕಾಡಿನಲ್ಲಿ ನಡೆದು ಅಭ್ಯಾಸವಿದ್ದವರೂ ಅವರಲ್ಲಿದ್ದರು. ಬೆಂಕಿಯ ಮುಂದೆ ಅನುಭವ ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ನಮ್ಮ ರಾಜ್ಯದಲ್ಲಿ 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುಹೋಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಬೆಂಕಿ ಆರಿಸುವುದೆಂದರೆ ಏನೆಂಬುದು ನೋಡದವರಿಗೆ ತಿಳಿಯದು. ಆ ಇಳಿಜಾರಿಗೆ ನೀರಿನ ಗಾಡಿ ಬರುವುದಿಲ್ಲ. ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುವುದು, ಮುಂದೆ ಓಡಿ ಹುಲ್ಲು ಸವರಿ ಗೆರೆ ಮಾಡುವುದು, ಎದುರು ಬೆಂಕಿ ಕೊಡುವುದು – ಇಷ್ಟೇ ಉಪಾಯ. ಮಾಡುವವರು ದಿನಗೂಲಿಯ ವೀಕ್ಷಕರು, ಜೊತೆಗೆ ಅಕ್ಕಪಕ್ಕದ ಊರಿನ ಹುಡುಗರು. ಬೆಂಕಿ ಬಿದ್ದ ದಿನ ಅದೇ ಬೆಟ್ಟದ ಮೇಲೆ ಮುನ್ನೂರು ಅತಿಥಿಗಳಿದ್ದರೆ ಇವರು ಮೊದಲು ಬೆಂಕಿಯ ಕಡೆಗೆ ಓಡಬೇಕೇ, ಜನರ ಕಡೆಗೆ ಓಡಬೇಕೇ? ಬೇಸಿಗೆಯ ನಿರ್ಬಂಧವನ್ನು ನಾವು ಒಪ್ಪುವುದಕ್ಕೆ ಈ ಒಂದೇ ಪ್ರಶ್ನೆ ಸಾಕು.

ಇಲ್ಲಿ ನೀವು ಎತ್ತುವ ಆಕ್ಷೇಪಣೆ ನನಗೆ ಗೊತ್ತು. "ಬೆಂಕಿ ಹಚ್ಚುವವರು ಚಾರಣಿಗರಲ್ಲವಲ್ಲ!" ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ನಮ್ಮ ಕಾಡುಗಳ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಹೆಚ್ಚಿನದು ಮನುಷ್ಯರ ಕೈಯಿಂದಲೇ. ದನಕ್ಕೆ ಎಳೆಹುಲ್ಲು ಚಿಗುರಲೆಂದು ಹಚ್ಚುವವರಿದ್ದಾರೆ. ಬೇಟೆಗೆಂದು ಹಚ್ಚುವವರಿದ್ದಾರೆ. ಇಲಾಖೆಯ ಮೇಲಿನ ಹಗೆಗೆ ಹಚ್ಚುವವರೂ ಇದ್ದಾರೆ – ಊರವರನ್ನು ಕಾಡಿನಿಂದ ದೂರವಿಟ್ಟ ನೀತಿ ಹುಟ್ಟಿಸಿದ ಹಗೆ ಅದು. ಆ ಕಥೆ ಇನ್ನೊಂದು ದಿನಕ್ಕಿರಲಿ. ಬೀಡಿ ಎಸೆಯುವವನು ಊರವನೂ ಆಗಿರಬಹುದು, ಸಿಗರೇಟು ಎಸೆಯುವವನು ಬೆಂಗಳೂರಿನವನೂ ಆಗಿರಬಹುದು. ಚಾರಣಿಗರೇ ಬೆಂಕಿಗೆ ಕಾರಣವೆಂದು ನಾವು ಎಂದೂ ಹೇಳಿಲ್ಲ. ಬೆಂಕಿ ಯಾರು ಹಚ್ಚಿದರೂ ಆ ಹೊತ್ತಿನಲ್ಲಿ ನೀವು ಅಲ್ಲಿರಬಾರದು ಎಂಬುದು ನಮ್ಮ ನಿಲುವು.

ಮಳೆಗಾಲದ ನಿರ್ಬಂಧದ ಕಾರಣ ಬೇರೆ. ಹಸಿ ಮಣ್ಣಿನ ಮೇಲೆ ಬೂಟು ಬಿದ್ದಾಗ ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಇಂಗದ ನೀರು ಕಾಲುದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ದಾರಿ ಕೊರೆದು ಹಳ್ಳವಾದಾಗ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತಾರೆ. ಮರುವರ್ಷ ಅಲ್ಲೂ ಹಳ್ಳ. ಒಬ್ಬ ದನ ಕಾಯುವವನ ಕಾಲುದಾರಿ ಹೀಗೆ ಕೆಲವೇ ವರ್ಷಗಳಲ್ಲಿ ಬಂಡಿದಾರಿಯಷ್ಟು ಅಗಲವಾಗುತ್ತದೆ. ಶೇಷಪರ್ವತದ ಏರನ್ನು ಹತ್ತಿದವರು ಮಣ್ಣು ಹೋಗಿ ಕಲ್ಲು ಎದ್ದಿರುವುದನ್ನು ಗಮನಿಸಿದ್ದೀರಿ. ಹುಲ್ಲು ಮತ್ತೆ ಮೂಡಬಹುದು; ಬಂಡೆಯ ಮೇಲೆ ಒಂದು ಗೇಣು ಮಣ್ಣು ಕೂಡುವುದಕ್ಕೆ ಬೇಕಾದ ಕಾಲವನ್ನು ಯಾವ ಸರ್ಕಾರವೂ ಯೋಜನೆಯಲ್ಲಿ ಸೇರಿಸಿಕೊಳ್ಳಲಾರದು.

ಇನ್ನು ಇಳಿಜಾರೇ ಜಾರುವ ಭಯ. ನಿಮ್ಮ ಮನೆಗೆ ಹತ್ತಿರದ ನಂದಿಬೆಟ್ಟವನ್ನೇ ನೋಡಿ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಯಿತು, ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ, ಮಳೆಗಾಲ ಮುಗಿಯಿತೆಂದು ನಾವು ತಿಳಿದ ಹೊತ್ತಿನಲ್ಲಿ, ಯಲಹಂಕದ ಕೇಂದ್ರೀಯ ವಿಹಾರದಲ್ಲಿ ದೋಣಿ ಬಿಟ್ಟು ಜನರನ್ನು ಹೊರತರಬೇಕಾಯಿತು. ಘಟ್ಟದ ಕಥೆ ಕೇಳಬೇಕೇ? ಕೊಡಗಿನಲ್ಲಿ 2018ರ ಆಗಸ್ಟ್, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16, ಅದಾದ ಎರಡು ವಾರಕ್ಕೆ ವಯನಾಡು. ಮುಂಗಾರು ಒಂದು ವರ್ಷ ನವೆಂಬರಿನವರೆಗೆ ಎಳೆಯುತ್ತದೆ, ಇನ್ನೊಂದು ವರ್ಷ ಸೆಪ್ಟೆಂಬರಿಗೇ ಹಿಂದೆಗೆದು ಜನವರಿಗೇ ಹುಲ್ಲು ಒಣಗುತ್ತದೆ. ನಾಲ್ಕು ತಿಂಗಳು ಎಂದು ಈಗ ಬೇಸರಿಸುತ್ತೇವೆ. ಎರಡೂ ತುದಿಯಿಂದ ಇದು ಇನ್ನೂ ಸವೆಯುವ ಸಂಭವವೇ ಹೆಚ್ಚು.

ಇಷ್ಟು ಇಲಾಖೆಯ ಪರವಾಗಿ ಆಡಿದ ಮೇಲೆ ಇನ್ನು ನಮ್ಮ ತಕರಾರು.

ಚಾರಣಿಗನನ್ನು ತಡೆಯುವುದು ಸುಲಭ. ಅವನು ನಡೆದು ಬರುತ್ತಾನೆ, ಒಂದು ಗೇಟಿನಲ್ಲಿ ನಿಲ್ಲಿಸಿದರೆ ಆಯಿತು. ಅದೇ ಬೆಟ್ಟದ ಸೊಂಟದಲ್ಲಿ ಜೆಸಿಬಿ ಯಂತ್ರ ತಂದು ಇಳಿಜಾರು ಕಡಿದು, ಈಜುಕೊಳ ಕಟ್ಟಿ, ರಾತ್ರಿಯಿಡೀ ದೀಪ ಬೆಳಗುವ ರೆಸಾರ್ಟಿಗೆ ಫೆಬ್ರವರಿಯೂ ಇಲ್ಲ, ಜುಲೈಯೂ ಇಲ್ಲ. ಮಾಂದಲ್‌ಪಟ್ಟಿಗೆ ಜೀಪುಗಳು ಸಾಲುಗಟ್ಟುತ್ತವೆ. ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಲ್ಲಿ ವಾರಾಂತ್ಯಕ್ಕೆ ಕಾರುಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದುದನ್ನು ಕಂಡು ಚಿಕ್ಕಮಗಳೂರು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿ ವಾಹನಗಳಿಗೆ ಮಿತಿ ಹಾಕಿತು. ತಡವಾಗಿಯಾದರೂ ಒಳ್ಳೆಯ ಹೆಜ್ಜೆ. ಆದರೆ ಸರ್ಕಾರದ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶಕ್ಕೆ ಸಂಬಂಧಿಸಿದಂತೆ ಕೇಂದ್ರ 2024ರ ಜುಲೈ ಕೊನೆಗೆ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇತ್ತು. ಸೆಪ್ಟೆಂಬರಿನಲ್ಲಿ ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕೆಲವೇ ದಿನಗಳಿಗೆ, ಅಕ್ಟೋಬರಿನಲ್ಲಿ, ದಿನಕ್ಕೆ ಮುನ್ನೂರು ಚಾರಣಿಗರ ಮಿತಿಯನ್ನು ಪರಿಸರ ರಕ್ಷಣೆಯೆಂದು ಸಾರಿತು. ವರದಿಯ ಬಗ್ಗೆ ನಮ್ಮ ಊರುಗಳಲ್ಲಿ ಭಯವಿರುವುದು ನಿಜ. ಆ ಭಯವನ್ನು ಮನೆಮನೆಗೆ ಹೋಗಿ ಕೇಳಿ ನಿವಾರಿಸುವ ಕೆಲಸವನ್ನು ಯಾರೂ ಮಾಡಲಿಲ್ಲವೆಂಬುದೂ ನಿಜ. ಆದರೆ ಗಣಿ, ಕಲ್ಲುಕೋರೆ, ದೊಡ್ಡ ರಸ್ತೆಗಳ ಪ್ರಶ್ನೆಯನ್ನು ಬದಿಗಿಟ್ಟು ಬೂಟುಗಾಲಿನ ಲೆಕ್ಕವನ್ನಷ್ಟೇ ಹಿಡಿದರೆ ಬೆಟ್ಟ ಉಳಿಯುವುದಿಲ್ಲ.

ಮುನ್ನೂರು ಎಂಬ ಸಂಖ್ಯೆಯೂ ನಮಗೆ ಒಗಟು. ಅಗಲವಾದ ಹಳೆಯ ಜೀಪುದಾರಿಗೂ ಮುನ್ನೂರು, ಒಂದಡಿಯ ಕಡಿದಾದ ಬೆನ್ನಿಗೂ ಮುನ್ನೂರು ಎಂದರೆ ಅದು ಬೆಟ್ಟವನ್ನು ನೋಡಿ ಹಾಕಿದ ಲೆಕ್ಕವಲ್ಲ. ದಾರಿಯ ಅಗಲ, ಇಳಿಜಾರು, ಮಣ್ಣು, ನೀರಿನ ತಾಣ ಇವನ್ನು ಅಳೆದು ದಾರಿಗೊಂದು ಮಿತಿ ಗೊತ್ತುಮಾಡಬೇಕು. ಬಾಗಿಲು ತೆರೆಯುವ, ಮುಚ್ಚುವ ದಿನವನ್ನೂ ಪಂಚಾಂಗದಂತೆ ವರ್ಷವರ್ಷವೂ ಒಂದೇ ಇಡಬೇಕಾಗಿಲ್ಲ. 2024ರಂಥ ಒಣ ವರ್ಷದಲ್ಲಿ ಜನವರಿ ನಡುವಿಗೇ ಮುಚ್ಚಬೇಕಿತ್ತು. ಹಿಂಗಾರು ಚೆನ್ನಾಗಿ ಆದ ವರ್ಷ ಒಂದೆರಡು ವಾರ ಹೆಚ್ಚು ಬಿಡಬಹುದು. ಇದನ್ನು ಹೇಳಬಲ್ಲವರು ಆಯಾ ಬೆಟ್ಟದ ವೀಕ್ಷಕರು, ಬುಡದ ಊರಿನ ಹಿರಿಯರು. ಅವರನ್ನು ಕೇಳುವ ಪದ್ಧತಿ ಇಲ್ಲ.

ಈಗ ಆ ಊರುಗಳ ಮಾತು. ಗಿರಿಗದ್ದೆಯ ಭಟ್ಟರ ಮನೆಯ ಊಟವನ್ನು ನಿಮ್ಮಲ್ಲಿ ಹಲವರು ಉಂಡಿದ್ದೀರಿ. ಎಷ್ಟು ಹೊತ್ತಿಗೆ ಹೋದರೂ ಅನ್ನ ಸಾರು ಸಿಗುತ್ತಿದ್ದ ಮನೆ ಅದು. ಕುದುರೆಮುಖದ ಬುಡದ ಮುಳ್ಳೋಡಿಯಲ್ಲಿ ಮನೆಯ ಒಂದು ಕೋಣೆಯನ್ನು ಅತಿಥಿಗಳಿಗೆ ಬಿಟ್ಟು, ಜೀಪು ಓಡಿಸಿ, ದಾರಿ ತೋರಿಸಿ ಬದುಕುವ ಕುಟುಂಬಗಳಿವೆ. ಅಡಿಕೆಗೆ ಎಲೆಚುಕ್ಕಿ ರೋಗ ಹಿಡಿದ ಮೇಲೆ ಇಂಥ ಮನೆಗಳಿಗೆ ಈ ಆದಾಯ ಬಾಯಿಚಪಲದ ಹಣವಾಗಿ ಉಳಿದಿಲ್ಲ. ಮಕ್ಕಳ ಶಾಲೆಯ ಹಣವಾಗಿದೆ. ಋತು ಕಡಿಮೆಯಾದಾಗ ನೀವು ಕಳೆದುಕೊಳ್ಳುವುದು ಕೆಲವು ವಾರಾಂತ್ಯಗಳನ್ನು. ಅವರು ಕಳೆದುಕೊಳ್ಳುವುದು ಅರ್ಧ ವರ್ಷದ ಗಳಿಕೆಯನ್ನು. ನಿಮ್ಮ ಸಿಟ್ಟಿಗೆ ಪತ್ರಿಕೆಗಳಲ್ಲಿ ಜಾಗ ಸಿಕ್ಕಿತು. ಅವರ ಮಾತನ್ನು ಕೇಳಿದವರು ಯಾರು? ನಾವು ಸಂಘಟನೆಯವರೂ ಕಾಡಿನ ಪರವಾಗಿ ಮಾತಾಡುವ ಭರದಲ್ಲಿ ಎಷ್ಟೋ ಸಲ ಅವರನ್ನು ದಾಟಿ ಮುಂದೆ ಹೋಗುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಮುಚ್ಚಿದ ತಿಂಗಳುಗಳಲ್ಲಿ ಬೆಟ್ಟಕ್ಕೆ ಕೆಲಸವಿದೆ, ಆ ಕೆಲಸ ಊರವರಿಗೆ ಕೂಲಿಯಾಗಿ ಸಿಗಬೇಕು. ಬೇಸಿಗೆಯಲ್ಲಿ ಬೆಂಕಿ ಕಾವಲು. ಮಳೆಗೆ ಮುಂಚೆ ದಾರಿಗೆ ಅಡ್ಡಲಾಗಿ ಕಲ್ಲುಸಾಲು ಹೂತು ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸುವುದು, ಕೊರೆದ ಹಳ್ಳಗಳನ್ನು ತುಂಬುವುದು. ಚಾರಣದ ಶುಲ್ಕದಲ್ಲಿ ಒಂದು ಗೊತ್ತಾದ ಪಾಲು ಬೊಕ್ಕಸಕ್ಕೆ ಹೋಗದೆ ಆಯಾ ಊರಿನ ಗ್ರಾಮ ಅರಣ್ಯ ಸಮಿತಿಗೆ ಬರಬೇಕು, ಅದರ ಲೆಕ್ಕವನ್ನು ಗೇಟಿನಲ್ಲೇ ಹಲಗೆಯ ಮೇಲೆ ಬರೆದಿರಬೇಕು. ಶುಲ್ಕ ಕಟ್ಟುವವರು ನೀವು. ಈ ಲೆಕ್ಕ ಕೇಳುವ ಅಧಿಕಾರ ನಮಗಿಂತ ನಿಮಗೇ ಹೆಚ್ಚು. ಋತು ವಿಸ್ತರಿಸಿ ಎಂದು ಬರೆಯುವ ಪತ್ರದ ಬದಲು, ಲೆಕ್ಕ ಕೊಡಿ ಎಂದು ಒಂದು ಪತ್ರ ಬರೆದು ನೋಡಿ. ರೆಸಾರ್ಟುಗಳ ವಿಷಯವನ್ನೂ ಅದರಲ್ಲಿ ಸೇರಿಸಿ. ನಗರದವರ ಪತ್ರಕ್ಕೆ ವಿಧಾನಸೌಧದಲ್ಲಿ ಸಿಗುವ ಬೆಲೆ ನಮ್ಮ ಪತ್ರಕ್ಕೆ ಸಿಗುವುದಿಲ್ಲ. ಇದು ಕೊಂಕಿನ ಮಾತಲ್ಲ, ಅನುಭವದ್ದು.

ಟಿಕೆಟು ಸಿಗದಾಗ ಕಳ್ಳದಾರಿಯಿಂದ ಹತ್ತಿಸುವ ಏರ್ಪಾಟುಗಳ ಬಗ್ಗೆಯೂ ಒಂದು ಮಾತು. ಅಂಥ ದಾರಿಯಲ್ಲಿ ಹೋದವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬೆಂಕಿ ಬಿದ್ದರೆ, ಮಂಜು ಕವಿದು ದಾರಿ ತಪ್ಪಿದರೆ, ಹುಡುಕಬೇಕೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಹುಡುಕಲು ಹೋಗುವವರು ಮತ್ತೆ ಅದೇ ಊರಿನ ಹುಡುಗರು.

ಕೊನೆಯದಾಗಿ, ಸಭೆಗೆ ಮುಂಚೆ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ. ಮುಚ್ಚಿದ ಕಾಲದಲ್ಲಿ ಬರಲು ಯಾವ ದಾರಿಯೂ ಇಲ್ಲವೇ ಎಂದು ಅವರು ಕೇಳಿದರು. ಬೇಸಿಗೆಯಲ್ಲಿ ಇಲ್ಲ. ಆದರೆ ಅದಕ್ಕೆ ಮುಂಚೆ, ಡಿಸೆಂಬರ್ ನಡುವಿನಿಂದ ಜನವರಿಯವರೆಗೆ, ಬೆಂಕಿರೇಖೆ ಸವರುವ ಕೆಲಸ ನಡೆಯುತ್ತದೆ. ಇಲಾಖೆಯ ಅನುಮತಿ ಪಡೆದು, ವೀಕ್ಷಕರ ಮೇಲ್ವಿಚಾರಣೆಯಲ್ಲಿ, ಹತ್ತು ಹನ್ನೆರಡು ಜನರ ಚಿಕ್ಕ ತಂಡ ಬಂದರೆ ಕೈಗೆ ಕೆಲಸವಿದೆ. ಶಿಖರಕ್ಕೆ ಹೋಗುವ ಭರವಸೆ ಕೊಡಲಾರೆವು. ಕೆಲಸ ಬೆಟ್ಟದ ಕೆಳಬದಿಯಲ್ಲೇ ಹೆಚ್ಚು. ಕತ್ತಿಯನ್ನು ಊರಿನಲ್ಲಿ ಕೊಡುತ್ತಾರೆ. ಕೈಗವಸು, ತುಂಬುತೋಳಿನ ಹತ್ತಿ ಅಂಗಿ, ಕುಡಿಯುವ ನೀರಿನ ಶೀಸೆ ನೀವೇ ತರಬೇಕು. ಊಟ ವಸತಿ ಊರಿನ ಮನೆಗಳಲ್ಲಿ. ಅದರ ಹಣವನ್ನು ಆ ಮನೆಯವರ ಕೈಗೇ ಕೊಡಬೇಕು. ಬರುವ ಮನಸ್ಸುಳ್ಳವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಿ ಹೋಗಿ.